‘ನೀರು ಬಿದ್ದಿದೆ’ ಅಂದುಬಿಟ್ಟರೆ ವಾರಂಟಿ ಮುಗೀತೇ? ಗ್ರಾಹಕರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಮೂರು ಎಕರೆ ಅಡಿಕೆ ತೋಟ. ಮಗಳು ಎಂಜಿನಿಯರಿಂಗ್ ಕೊನೇ ವರ್ಷ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಆಫರಿನಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ 58,990 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಕೊಡಿಸಿದೆ. ಒಂದು ವರ್ಷ ವಾರಂಟಿ. ಈ ಜುಲೈನಲ್ಲಿ ಒಂದು ಬೆಳಿಗ್ಗೆ ಆನ್ ಆಗಲೇ ಇಲ್ಲ. ಅಂಗಡಿಯವರು ‘ನಾವು ಮಾರೋದಷ್ಟೇ, ಸರ್ವೀಸ್ ಸೆಂಟರ್‌ಗೆ ಹೋಗಿ’ ಅಂದರು. ಅಲ್ಲಿ ಕೊಟ್ಟು ಹದಿನೈದು ದಿನದ ಮೇಲೆ ಫೋನು ಬಂತು: ಒಳಗೆ ನೀರು ಬಿದ್ದಿದೆ, ವಾರಂಟಿ ಬರಲ್ಲ, ಮದರ್‌ಬೋರ್ಡ್ ಬದಲಿಸಬೇಕು, 31,000 ಆಗುತ್ತೆ. ನಾವು ನೀರು ಚೆಲ್ಲಿಲ್ಲ. ಮಳೆಗಾಲದ ಥಂಡಿ ಇರಬಹುದು ಅಂದರೆ ‘ಥಂಡೀನೂ ನೀರೇ ಅಲ್ವಾ ಸರ್’ ಅಂತ ನಕ್ಕರು. ವಾರಂಟಿ ಮುಗಿಯಲು ಹದಿನೆಂಟು ದಿನ ಇದೆ. ಮಗಳಿಗೆ ಪ್ರಾಜೆಕ್ಟ್ ಕೊಡುವ ಗಡಿಬಿಡಿ. ದುಡ್ಡು ಕಟ್ಟಿ ಸುಮ್ಮನಾಗಲೋ, ಕೋರ್ಟಿಗೆ ಹೋಗಲೋ?

ಉತ್ತರ: ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಹದಿನೆಂಟು ದಿನ ಕಳೆದುಹೋಗಿರುತ್ತದೆ ಅಂತ ಅವತ್ತೇ ನಿಮಗೆ ಒಂದು ಸಾಲು ಕಳಿಸಿದ್ದೆ: ‘ಇವತ್ತೇ ಕಂಪನಿಗೆ ಇಮೇಲ್ ಮಾಡಿ.’ ಯಾಕೆ ಅಂತ ಈಗ ಹೇಳುತ್ತೇನೆ, ಇದೇ ತೊಂದರೆಯ ಇನ್ನೂ ನಾಲ್ಕು ಪತ್ರ ನನ್ನ ಮೇಜಿನ ಮೇಲಿವೆ.

ನಿಮ್ಮ ಪತ್ರದಲ್ಲಿ ಬೆಲೆ ಇದೆ, ಹಬ್ಬ ಇದೆ, ಅವರು ನಕ್ಕಿದ್ದೂ ಇದೆ. ಜಾಬ್ ಶೀಟಿನ, ಅಂದರೆ ರಿಪೇರಿಗೆ ಕೊಟ್ಟಾಗ ಸರ್ವೀಸ್ ಸೆಂಟರಿನವರು ಬರೆದುಕೊಡುವ ಚೀಟಿಯ, ಮಾತು ಮಾತ್ರ ಎಲ್ಲೂ ಇಲ್ಲ. ಮಂಡಿಗೆ ಅಡಿಕೆ ಮೂಟೆ ಹಾಕಿ ತೂಕದ ಚೀಟಿ ಇಲ್ಲದೆ ಬಸ್ಸು ಹತ್ತುತ್ತೀರಾ? ಅರ್ಧ ಮೂಟೆ ಸಿಪ್ಪೆಗೋಟಿಗೂ ಚೀಟಿ ಕೇಳುವವರು ಅರವತ್ತು ಸಾವಿರದ ಯಂತ್ರವನ್ನು ಕೌಂಟರಿನಲ್ಲಿ ಬಿಟ್ಟು ‘ರೆಡಿಯಾದ್ರೆ ಫೋನ್ ಮಾಡಿ’ ಅಂತ ಬಂದುಬಿಡುತ್ತೀರಿ. ತಪ್ಪು ಅಂತ ಬೈಯುತ್ತಿಲ್ಲ. ನಾನೇ ವಕೀಲಿಕೆಗೆ ಬಂದ ಹೊಸದರಲ್ಲಿ ಒಂದು ಮಿಕ್ಸಿಯನ್ನು ಹೀಗೆ ಬಾಯಿಮಾತಿನ ಮೇಲೆ ಬಿಟ್ಟು ಬಂದು, ಮೂರು ತಿಂಗಳ ಮೇಲೆ ‘ಯಾವ ಮಿಕ್ಸಿ ಮೇಡಂ?’ ಅನ್ನಿಸಿಕೊಂಡಿದ್ದೇನೆ. ಕರಿಕೋಟು ಹಾಕಿಕೊಂಡೇ ಹೋಗಿದ್ದೆ, ಅದರಿಂದ ಏನೂ ಆಗಲಿಲ್ಲ.

ಜಾಬ್ ಶೀಟ್ ಇದ್ದರೆ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಹೋಗಿ ನಕಲು ಕೇಳಿ. ಅದರಲ್ಲಿ ‘ಕಂಡಿಷನ್’ ಅಂತ ಒಂದು ಖಾನೆ ಇರುತ್ತದೆ. ಕಳೆದ ಆಷಾಢದಲ್ಲಿ ಅಕ್ಕನ ಮಗನ ಲ್ಯಾಪ್‌ಟಾಪ್ ಕೊಡಲು ನಾನೂ ಜೊತೆಗೆ ಹೋಗಿದ್ದೆ. ಕೌಂಟರಿನ ಹುಡುಗ ಬ್ಯಾಗಿನಿಂದ ಲ್ಯಾಪ್‌ಟಾಪ್ ಹೊರಗೆ ತೆಗೆಯುವ ಮೊದಲೇ ಆ ಖಾನೆಯಲ್ಲಿ ‘ಮಲ್ಟಿಪಲ್ ಸ್ಕ್ರ್ಯಾಚಸ್, ಡೆಂಟ್’ ಅಂತ ಬಂದುಬಿಟ್ಟಿತ್ತು. ಅದು ಕಂಪ್ಯೂಟರಿನಲ್ಲಿ ತಾನಾಗಿ ತುಂಬಿಕೊಳ್ಳುವ ಮಾತಂತೆ. ‘ಡೆಂಟ್ ಎಲ್ಲಿದೆ ತೋರಿಸಪ್ಪ’ ಅಂದೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತಿರುಗಿಸಿ, ಮಗುಚಿ, ಕೊನೆಗೆ ಅಳಿಸಿ ‘ನೋ ಫಿಸಿಕಲ್ ಡ್ಯಾಮೇಜ್’ ಅಂತ ಹೊಡೆದ. ಹುಡುಗನದು ಕೆಟ್ಟ ಬುದ್ಧಿಯೇನಲ್ಲ, ಅವನ ಹಿಂದೆ ಹನ್ನೊಂದು ಜನ ನಿಂತಿದ್ದರು. ಆದರೆ ಆ ಮೂರು ಪದಕ್ಕೆ ನಾವು ಸಹಿ ಹಾಕಿ ಬಂದಿದ್ದರೆ ಮುಂದೆ ‘ಬೀಳಿಸಿದ್ದೀರಿ’ ಅನ್ನುವುದಕ್ಕೆ ಆಧಾರವನ್ನು ನಾವೇ ಕೊಟ್ಟಂತಾಗುತ್ತಿತ್ತು. ಕೊಡುವ ಮುಂಚೆ ಅಲ್ಲೇ ಕೌಂಟರಿನ ಮೇಲಿಟ್ಟು ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ, ಕೆಳಗಿನ ಸೀರಿಯಲ್ ನಂಬರಿನದ್ದೂ ಒಂದು.

ಇನ್ನು ನೀರಿನ ವಿಷಯ. ಮೊದಲು ಮಗಳನ್ನು ಕೂರಿಸಿಕೊಂಡು ಕೇಳಿ. ಗದರಿಸಬೇಡಿ, ಗದರಿಸಿದರೆ ನಿಜ ಹೊರಬರುವುದಿಲ್ಲ. ಹಾಸ್ಟೆಲಿನಲ್ಲಿ ಗೆಳತಿಯ ಕಾಫಿ ಲೋಟ ಮಗುಚಿರಬಹುದು, ನಿಮಗೆ ಹೇಳಲು ಹೆದರಿರಬಹುದು. ಹಾಗೇನಾದರೂ ಆಗಿದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ. ಚೆಲ್ಲಿದ್ದಕ್ಕೆ ಸಾಮಾನ್ಯ ವಾರಂಟಿ ಬರುವುದಿಲ್ಲ, ಆಕಸ್ಮಿಕ ಹಾನಿಗೆ ಬೇರೆ ಪ್ಲಾನ್ ತೆಗೆದುಕೊಂಡಿದ್ದರೆ ಮಾತ್ರ ಬರುತ್ತದೆ. ಹಿಂದೊಮ್ಮೆ ನನ್ನ ಕಕ್ಷಿದಾರರೊಬ್ಬರು ಪ್ರಮಾಣಪತ್ರದಲ್ಲಿ ‘ಯಾವುದೇ ದ್ರವ ತಾಗಿಲ್ಲ’ ಅಂತ ಬರೆಸಿದ್ದರು. ಕಂಪನಿಯವರು ಕೀಬೋರ್ಡ್ ಬಿಚ್ಚಿದ ಫೋಟೊ ಹಾಜರುಪಡಿಸಿದರು. ಕೀಲಿಗಳ ಸಂದಿಯಲ್ಲಿ ಹಾಲು ಒಡೆದಂತೆ ಬಿಳಿ ಕಲೆ, ಅದರ ಅಂಚಿಗೆ ಸತ್ತ ಇರುವೆಗಳ ಸಾಲು. ಸಕ್ಕರೆ ಇಲ್ಲದ ಕಡೆ ಇರುವೆ ಯಾಕೆ ಬರುತ್ತದೆ? ನಾನು ತಲೆ ತಗ್ಗಿಸಿ ಕೂತಿದ್ದೆ.

ಚೆಲ್ಲಿಲ್ಲ ಎಂದು ಖಾತ್ರಿಯಾದರೆ ಮುಂದೆ ಓದಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಏನನ್ನು ನೋಡಿ ನೀರು ಅಂದರು, ಯಾವ ಭಾಗದಲ್ಲಿ ಕಲೆ ಇದೆ, ಸೀರಿಯಲ್ ನಂಬರ್ ಕಾಣುವಂತೆ ಅದರ ಫೋಟೊ ಎಲ್ಲಿ, ಇಷ್ಟನ್ನು ತಂತ್ರಜ್ಞರ ವರದಿಯಾಗಿ ಬರವಣಿಗೆಯಲ್ಲಿ ಕೇಳಿ. ಕೆಲವು ಯಂತ್ರಗಳ ಒಳಗೆ ನೀರು ತಾಗಿದರೆ ಬಣ್ಣ ತಿರುಗುವ ಸಣ್ಣ ಸ್ಟಿಕರ್ ಇರುತ್ತದೆ. ಅಂಥದ್ದು ಇದ್ದರೆ ಅದರ ಫೋಟೊ ಕೇಳಿ. ಮೇಲಿಂದ ಏನಾದರೂ ಚೆಲ್ಲಿದರೆ ಅದು ಇಳಿದ ದಾರಿ ಸಾಮಾನ್ಯವಾಗಿ ಕಾಣುತ್ತದೆ: ಕೀಬೋರ್ಡಿನ ಕೆಳಗೆ ಕಲೆ, ಅಲ್ಲಿಂದ ಬೋರ್ಡಿಗೆ. ಎಲ್ಲೂ ಹರಿದ ಗುರುತಿಲ್ಲದೆ ಅಲ್ಲೊಂದು ಇಲ್ಲೊಂದು ಕನೆಕ್ಟರಿನ ತುದಿಯಲ್ಲಿ ಮಾತ್ರ ಹಸಿರು ಕಿಲುಬು ಕಂಡರೆ ‘ಚೆಲ್ಲಿದ್ದು’ ಅನ್ನುವ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

‘ಥಂಡೀನೂ ನೀರೇ’ ಅಂದವರಿಗೆ ಕಂಪನಿಯದೇ ಕೈಪಿಡಿ ತೋರಿಸಿ. ಯಂತ್ರ ಎಷ್ಟು ಬಿಸಿಲು, ಎಷ್ಟು ತೇವದಲ್ಲಿ ಕೆಲಸ ಮಾಡಬೇಕು ಅಂತ ಅದರಲ್ಲಿ ಅಂಕಿ ಇರುತ್ತದೆ. ಹಲವು ಲ್ಯಾಪ್‌ಟಾಪ್‌ಗಳಿಗೆ ಗಾಳಿಯ ತೇವಾಂಶ ಶೇ. 90ರವರೆಗೆ, ನೀರು ಹನಿಗಟ್ಟದಿದ್ದರೆ ಸಾಕು ಅಂತ ಬರೆದಿರುತ್ತಾರೆ. ನಿಮ್ಮ ಮಾಡೆಲ್ಲಿಗೆ ಎಷ್ಟಿದೆ ನೋಡಿ, ಆ ಪುಟದ ಪ್ರತಿ ಇಟ್ಟುಕೊಳ್ಳಿ. ಪುನರ್ವಸು ಮಳೆಯಲ್ಲಿ ಕಂಬಳಿಗೆ ಬೂಷ್ಟು ಹಿಡಿಯುವ ಸೀಮೆ ನಮ್ಮದು, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಅದು ಗೊತ್ತಿದ್ದೇ ಇಲ್ಲಿ ಅಂಗಡಿ ತೆರೆದು, ಹಬ್ಬದ ಬ್ಯಾನರು ಕಟ್ಟಿ ಮಾರಿದ್ದಾರೆ. ಶಿವಮೊಗ್ಗದಲ್ಲಿ ಮಾರಿದ ಮಾಲು ಹೊಸನಗರದ ಗಾಳಿ ತಡೆಯಬಾರದೇ? ಈ ವಾದ ಗೆದ್ದೇ ಗೆಲ್ಲುತ್ತದೆ ಅಂತ ಹೇಳಲಾರೆ. ಆದರೆ ಎದುರು ಪಕ್ಷ ಇದಕ್ಕೊಂದು ಉತ್ತರ ಕೊಡಲೇಬೇಕಾಗುತ್ತದೆ.

ವಾರಂಟಿಯ ಕೊನೇ ದಿನದ ಬಗ್ಗೆ ಹೆದರಬೇಡಿ. ರಿಪೇರಿ ಯಾವತ್ತು ಮುಗಿಯಿತು ಅನ್ನುವುದಕ್ಕಿಂತ ದೋಷವನ್ನು ಯಾವತ್ತು ತಿಳಿಸಿದಿರಿ ಅನ್ನುವುದು ಮುಖ್ಯ. ಅದಕ್ಕೇ ಇಮೇಲ್ ಅಂದದ್ದು. ಬಿಲ್ ನಂಬರ್, ಸೀರಿಯಲ್ ನಂಬರ್, ಕೆಟ್ಟ ದಿನ, ಸರ್ವೀಸ್ ಸೆಂಟರಿಗೆ ಕೊಟ್ಟ ದಿನ, ಅವರು ಫೋನಿನಲ್ಲಿ ಹೇಳಿದ ಮಾತು, ‘ನಾವು ಇದನ್ನು ಒಪ್ಪುವುದಿಲ್ಲ’ ಅನ್ನುವ ಒಂದು ವಾಕ್ಯ. ಇಂಗ್ಲಿಷೇ ಆಗಬೇಕೆಂದಿಲ್ಲ. ಅಂಗಡಿಯವರಿಗೂ ಒಂದು ಪ್ರತಿ ಕಳಿಸಿ. ‘ನಾವು ಮಾರೋದಷ್ಟೇ’ ಅನ್ನುವುದು ಅವರು ಕಟ್ಟಿಕೊಂಡ ಶಾಸ್ತ್ರ. ದುಡ್ಡು ಎಣಿಸಿಕೊಂಡು ಬಿಲ್ ಕೊಟ್ಟವರು ಅವರು, ನಿಮ್ಮ ವ್ಯವಹಾರ ನಡೆದದ್ದು ಅವರ ಜೊತೆ. ಮುಂದೆ ದೂರು ಕೊಟ್ಟರೆ ಅಂಗಡಿ, ಸರ್ವೀಸ್ ಸೆಂಟರ್, ತಯಾರಕ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದಿಬ್ಬರೂ ಬಿಟ್ಟವರ ಕಡೆಗೇ ಬೆರಳು ತೋರಿಸುತ್ತಾರೆ.

ಮಗಳ ಪ್ರಾಜೆಕ್ಟ್ ನಿಲ್ಲುವಂತಿಲ್ಲ, ಕಟ್ಟಲೇಬೇಕು ಅಂತಾದರೆ ಕಟ್ಟಿ. ಬಡವರ ಮಕ್ಕಳ ಪರೀಕ್ಷೆ ಕೋರ್ಟಿನ ತಾರೀಕಿಗೆ ಕಾಯುವುದಿಲ್ಲ. ಆದರೆ ‘ಆಕ್ಷೇಪಣೆಯನ್ನು ಉಳಿಸಿಕೊಂಡು ಪಾವತಿಸುತ್ತಿದ್ದೇನೆ’ ಅಂತ ಮೊದಲೇ ಇಮೇಲಿನಲ್ಲಿ ತಿಳಿಸಿ, ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಕೆಟ್ಟ ಮದರ್‌ಬೋರ್ಡನ್ನು ವಾಪಸ್ ಕೇಳಿ, ಕೊಡುವುದಿಲ್ಲ ಅಂದರೆ ಅದನ್ನೂ ಬರೆಸಿಕೊಳ್ಳಿ. ನಾಳೆ ಪ್ರಯೋಗಾಲಯದ ಪರೀಕ್ಷೆಗೆ ಹೋಗಬೇಕಾದ ವಸ್ತು ಅದೇ. ಅದು ಗುಜರಿಗೆ ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಸಿಟ್ಟು. ಇದೇ ಕಾರಣಕ್ಕೆ ಊರ ಕಡೆ ಮೊಬೈಲ್ ರಿಪೇರಿ ಮಾಡುವವರ ಹತ್ತಿರ ‘ಒಮ್ಮೆ ಬಿಚ್ಚಿ ನೋಡು’ ಅಂತ ಕೊಡಬೇಡಿ. ಅವರ ಕೈಗುಣ ಚೆನ್ನಾಗಿಯೇ ಇರಬಹುದು, ಆದರೆ ‘ಹೊರಗಡೆ ಬಿಚ್ಚಿಸಿದ್ದಾರೆ’ ಅನ್ನುವ ಒಂದೇ ಮಾತಿಗೆ ನಿಮ್ಮ ಕೇಸು ಕುಂಟುತ್ತದೆ.

ದೂರಿಗಿಂತ ಮುಂಚೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ನಿಮ್ಮ ದೂರನ್ನು ಕಂಪನಿಯ ಮೇಲಿನವರಿಗೆ ದಾಟಿಸುತ್ತಾರೆ. ಕೌಂಟರಿನಲ್ಲಿ ಆಗದ್ದು ಎಷ್ಟೋ ಸಲ ಅಲ್ಲಿ ಆಗಿಬಿಡುತ್ತದೆ. ಆಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸು. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ನನ್ನ ಅನುಭವದಲ್ಲಿ ಉಪಯೋಗವಿದೆ.

ಆಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರೂ ಬೇಕಿಲ್ಲ. ನಾನೇ ವಕೀಲೆಯಾಗಿ ಇದನ್ನು ಬರೆದರೆ ಬಾರ್ ರೂಮಿನಲ್ಲಿ ಗೆಳೆಯರು ಮುನಿಸಿಕೊಳ್ಳುತ್ತಾರೆ, ಆದರೂ ನಿಜ. ನಿಮ್ಮ ದೂರನ್ನು ನೀವೇ ನಡೆಸಬಹುದು. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು. ನಿಮ್ಮೂರಿನಲ್ಲಿ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದರೆ ಬಸ್ಸೇ ವಾಸಿ. ಬಿಲ್ ನಿಮ್ಮ ಹೆಸರಿನಲ್ಲಿದ್ದು ಬಳಸುವವಳು ಮಗಳು ಎನ್ನುವುದೂ ತೊಡಕಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು.

ಬರೀ ನೋಡಿ ದೋಷ ಹೇಳಲಾಗದಿದ್ದರೆ ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು. ಆ ಖರ್ಚನ್ನು ಮೊದಲು ನೀವೇ ಕಟ್ಟಬೇಕಾಗಬಹುದು, ಅಷ್ಟು ಹಣ ಎತ್ತಿಟ್ಟುಕೊಂಡಿರಿ. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಮಳೆಗಾಲದ ಘಾಟಿ ಬಸ್ಸಿನ ವೇಳಾಪಟ್ಟಿ ಇದ್ದ ಹಾಗೆ ಅದು. ಬಸ್ಸು ಬರುತ್ತದೆ, ಕೊಡೆ ಹಿಡಿದು ಕಾಯಬೇಕು.

ಕೇಳುವಾಗ ಹದ ಇರಲಿ. ಉಚಿತ ರಿಪೇರಿ, ಇಲ್ಲವೇ ಬದಲಿ ಲ್ಯಾಪ್‌ಟಾಪ್, ಇಲ್ಲವೇ ಬಡ್ಡಿ ಸಮೇತ ಬೆಲೆ ವಾಪಸ್, ಜೊತೆಗೆ ಓಡಾಟದ ಖರ್ಚು, ಒಂದಿಷ್ಟು ಪರಿಹಾರ. ಮಾನಸಿಕ ಯಾತನೆಗೆ ಹತ್ತು ಲಕ್ಷ ಅಂತ ಬರೆದು ತರುವವರಿದ್ದಾರೆ. ಅದನ್ನು ಓದುವಾಗ ಪೀಠದಲ್ಲಿ ಕೂತವರ ಮುಖವನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲಿ ನಾಲ್ಕನೇ ತಿಂಗಳಿಗೇ ಗೆರೆ ಬಂದಿದೆ. ಮಾರಿದವರು ಹರಿಯಾಣದವರಂತೆ. ಅಲ್ಲಿಗೆ ಹೋಗಿ ಕೇಸು ಹಾಕಬೇಕಾ? – ಓದುಗರು, ಸಾಗರ

ಉತ್ತರ: ಬೇಡ. 1986ರ ಹಳೆಯ ಕಾಯ್ದೆಯಲ್ಲಿ ಎದುರುದಾರರು ಇರುವ ಅಥವಾ ತಕರಾರು ಹುಟ್ಟಿದ ಜಾಗಕ್ಕೇ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಕೊಂಡ ಫ್ರಿಜ್ಜಿಗಾಗಿ ರಾತ್ರಿ ರೈಲು ಹತ್ತಿದವರನ್ನು ಕಂಡಿದ್ದೇನೆ. ಈಗ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮಗೆ ಶಿವಮೊಗ್ಗವೇ. ಅದಕ್ಕೂ ಮೊದಲು ಆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆ್ಯಪಿನೊಳಗಿನ ಚಾಟ್ ಅನ್ನು ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಹುಡುಕಿದರೆ ಸಿಗದೇ ಹೋದೀತು.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ, ನಾನೊಬ್ಬನೇ. ಲ್ಯಾಪ್‌ಟಾಪ್ ಅಂಗಡಿಯದ್ದಾದ್ದರಿಂದ ‘ನೀವು ಗ್ರಾಹಕರೇ ಅಲ್ಲ’ ಅಂತ ಕಂಪನಿ ಹೇಳುತ್ತಿದೆ.

ಉತ್ತರ: ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅನ್ನುವುದು ಅರ್ಧ ವಾಕ್ಯ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸಿದರೆ ಅದು ವ್ಯಾಪಾರದ ಉದ್ದೇಶವಲ್ಲ ಅಂತ ಕಾಯ್ದೆಯಲ್ಲೇ ವಿವರಣೆ ಇದೆ. ಲಗ್ನಪತ್ರಿಕೆ, ಪಹಣಿ ಅರ್ಜಿ ಟೈಪು ಮಾಡಿ ಮನೆ ನಡೆಸುವ ನೀವು ಅದರೊಳಗೆ ಬರುತ್ತೀರಿ. ಆದರೆ ‘ಇದು ನನ್ನ ಸ್ವಯಂ ಉದ್ಯೋಗ, ಬೇರೆ ಆದಾಯವಿಲ್ಲ’ ಅಂತ ದೂರಿನಲ್ಲಿ ನೀವೇ ಬರೆದಿರಬೇಕು. ಬರೆಯದೆ ಬಿಟ್ಟು ಆಮೇಲೆ ಬಾಯಲ್ಲಿ ಹೇಳಿದವರು ಸೋತದ್ದುಂಟು.

ಪ್ರಶ್ನೆ: ಒಂದೇ ದೋಷಕ್ಕೆ ಮೂರು ಸಲ ರಿಪೇರಿಗೆ ಕೊಟ್ಟೆ, ಪ್ರತಿ ಸಲವೂ ಇಪ್ಪತ್ತು ದಿನ. ಆ ಅರವತ್ತು ದಿನ ವಾರಂಟಿಗೆ ಸೇರುತ್ತದೆಯೇ? – ಭದ್ರಾವತಿ

ಉತ್ತರ: ತಾನಾಗಿ ಸೇರುವುದಿಲ್ಲ. ವಾರಂಟಿ ಪತ್ರದಲ್ಲಿ ಏನಿದೆಯೋ ಅದು. ಆದರೆ ನೀವು ಅರವತ್ತು ದಿನದ ಲೆಕ್ಕ ಹಿಡಿದು ಕೂತು ದೊಡ್ಡದನ್ನೇ ಮರೆತಿದ್ದೀರಿ. ಮೂರು ಸಲ ಅದೇ ಕಾಯಿಲೆ ಮರುಕಳಿಸಿದೆ ಅಂದರೆ ದೋಷ ತಯಾರಿಕೆಯಲ್ಲೇ ಇದೆ ಎನ್ನಲು ನಿಮ್ಮ ಹತ್ತಿರ ಮೂರು ಜಾಬ್ ಶೀಟುಗಳಿವೆ. ನಾಲ್ಕನೇ ಸಲ ರಿಪೇರಿ ಕೇಳಬೇಡಿ, ಬದಲಿ ಅಥವಾ ಹಣ ಕೇಳಿ. ಮೂರರಲ್ಲೂ ದೋಷದ ವಿವರ ಒಂದೇ ರೀತಿ ಬರೆದಿದೆಯೇ ನೋಡಿ. ಒಂದರಲ್ಲಿ ‘ಹ್ಯಾಂಗ್’, ಇನ್ನೊಂದರಲ್ಲಿ ‘ಸಾಫ್ಟ್‌ವೇರ್’, ಮತ್ತೊಂದರಲ್ಲಿ ‘ಜನರಲ್ ಚೆಕಪ್’ ಅಂತಿದ್ದರೆ ಈಗಲೇ ಇಮೇಲ್ ಮಾಡಿ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅಂತ ಅಚ್ಚಾಗಿದೆ. ಕೊಂಡ ಮೂರನೇ ದಿನಕ್ಕೇ ಕೀಬೋರ್ಡ್ ಕೆಲಸ ಮಾಡುತ್ತಿಲ್ಲ. – ಶಿಕಾರಿಪುರ

ಉತ್ತರ: ದೋಷವಿರುವ ಮಾಲಿಗೆ ಆ ಸಾಲು ಅಡ್ಡ ಬರುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು, ಡಬ್ಬ, ಒಳಗಿನ ಥರ್ಮಾಕೋಲು ಸಮೇತ ಇವತ್ತೇ ಹೋಗಿ. ಬಣ್ಣ ಹಿಡಿಸಲಿಲ್ಲ, ಭಾವನಿಗೆ ಕಡಿಮೆ ಬೆಲೆಗೆ ಸಿಕ್ಕಿತು ಅನ್ನುವ ಕಾರಣಕ್ಕಾದರೆ ಕಾನೂನಿನ ಹಕ್ಕಿಲ್ಲ, ಅಂಗಡಿಯವರ ಮರ್ಜಿ.

ಪ್ರಶ್ನೆ: ಏಪ್ರಿಲಿನಲ್ಲಿ ಸಿಡಿಲು ಬಡಿದು ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಅಡಾಪ್ಟರ್ ಸಮೇತ ಸುಟ್ಟಿತು. ವಾರಂಟಿ ಇನ್ನೂ ಏಳು ತಿಂಗಳಿದೆ. – ಸೊರಬ

ಉತ್ತರ: ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಸಿಡಿಲು ಕಂಪನಿ ಮಾಡಿದ್ದಲ್ಲ, ಇಲ್ಲಿ ನಿಮ್ಮ ಪರವಾಗಿ ನನಗೂ ಹೇಳಲು ಏನಿಲ್ಲ. ಕೊಳ್ಳುವಾಗ ಹೆಚ್ಚುವರಿ ಪ್ಲಾನಿಗೆ ಹಣ ಕಟ್ಟಿದ್ದರೆ ಅದರಲ್ಲಿ ‘ಪವರ್ ಸರ್ಜ್’ (ಕರೆಂಟು ದಿಢೀರನೆ ಏರುವುದು) ಎಂಬ ಮಾತಿದೆಯೇ ಹುಡುಕಿ, ಇದ್ದರೆ ಅದರಡಿ ಕೇಳಿ. ಇನ್ನು ಮುಂದೆ ಮೋಡ ಕಪ್ಪಾದ ಕೂಡಲೇ ಪ್ಲಗ್ ಕಿತ್ತುಬಿಡಿ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯವರದು. ಮೊದಲ ಗುಡುಗಿಗೆ ಟಿವಿ, ಎರಡನೆಯದಕ್ಕೆ ಇಂಟರ್‌ನೆಟ್ ಡಬ್ಬಿ, ಮೂರನೆಯದಕ್ಕೆ ನಾನು ಟೈಪು ಮಾಡುತ್ತಿರುವ ಈ ಲ್ಯಾಪ್‌ಟಾಪ್. ಈಗ ಎರಡು ಆಗಿದೆ.